ಹೊಂಬಾಳೆಗೆ ಪಂಪು ಕಟ್ಟಬಹುದೇ?



ಕೊಕ್ಕರೆ ಬೆಳ್ಳೂರಿಗೆ ಹೋದವರೆಲ್ಲ ತಲೆ ಎತ್ತಿಕೊಂಡೇ ನಡೆಯುತ್ತಾರೆ. ಮದ್ದೂರು ತಾಲೂಕಿನಲ್ಲಿ, ಶಿಂಷಾ ನದಿಗೆ ಸಮೀಪದಲ್ಲಿರುವ ಈ ಹಳ್ಳಿಯಲ್ಲಿ ನೋಡಬೇಕಾದದ್ದೆಲ್ಲ ಮರದ ಮೇಲಿದೆ. ಮನೆಯ ಹಿತ್ತಲಿನ ಹುಣಸೆ ಮರದಲ್ಲಿ, ಬೀದಿಬದಿಯ ಅರಳಿ, ಆಲಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟಿ ಮರಿ ಮಾಡುತ್ತವೆ. ಹಾಗೆ ನಡೆಯುವಾಗ ಮೇಲಿನಿಂದ ಏನಾದರೂ ಬಿದ್ದರೆ ಬೇಸರಪಡಬಾರದು. ಊರಿನವರು ಅದನ್ನು ಗೊಬ್ಬರವೆಂದು ಹೊಲಕ್ಕೆ ಹಾಕುತ್ತಾರೆ.

ಒಂದು ಜನವರಿಯಲ್ಲಿ ಕಾಲೇಜು ವಿದ್ಯಾರ್ಥಿಗಳ ತಂಡವೊಂದರ ಜೊತೆ ನಾನು ಅಲ್ಲಿಗೆ ಹೋಗಿದ್ದೆ. ಹಕ್ಕಿಗಳನ್ನು ನೋಡಿ ಮುಗಿಸಿ ಊರಾಚೆಯ ತೆಂಗಿನ ತೋಟವೊಂದರ ನೆರಳಿನಲ್ಲಿ ಬುತ್ತಿ ಬಿಚ್ಚಿದ್ದೆವು. ತಂಡದಲ್ಲಿ ಮಳವಳ್ಳಿ ಕಡೆಯ ಹುಡುಗನೊಬ್ಬನಿದ್ದ. ಅವನು ಕೆನಡಾ ದೇಶದ ಮೇಪಲ್ ಮರಗಳ ಬಗ್ಗೆ ಒಂದು ಚಿತ್ರ ನೋಡಿದ್ದನಂತೆ. ಅಲ್ಲಿ ಕಾಡಿನ ಸಾವಿರಾರು ಮರಗಳಿಗೆ ಪ್ಲಾಸ್ಟಿಕ್ ಕೊಳವೆ ಜೋಡಿಸಿ, ಒಂದೇ ಕಡೆ ಪಂಪು ಇಟ್ಟು ರಸವನ್ನೆಲ್ಲ ಎಳೆದುಕೊಳ್ಳುತ್ತಾರೆ. ಅವನು ತೆಂಗಿನ ಸುಳಿಯ ಕಡೆ ಕೈ ತೋರಿಸಿ, ‘ಸಾರ್, ನಮ್ಮ ಹೊಂಬಾಳೆಗೂ ಅಂಗೇ ಒಂದು ಪಂಪು ಕಟ್ಟುಬುಟ್ರೆ ನೀರಾ ತಾನಾಗೇ ಇಳಿಯಾಕಿಲ್ವಾ? ಯಾರೂ ಮರ ಹತ್ತೋದೇ ಬ್ಯಾಡ’ ಎಂದ.

ಎಲ್ಲರೂ ನಕ್ಕರು. ನಾನೂ ನಕ್ಕು, ‘ಆಗೋಲ್ಲ ಕಣಪ್ಪ’ ಎಂದುಬಿಟ್ಟೆ. ಬಸ್ಸು ಹತ್ತಿದ ಮೇಲೆ ನನಗೆ ನಾಚಿಕೆಯಾಯಿತು. ಯಾಕೆ ಆಗುವುದಿಲ್ಲ ಎಂದು ಅವನು ಕೇಳಿದ್ದರೆ ಆ ಕ್ಷಣ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಅವನ ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ಈ ಮಾತುಕತೆ ಅವನಿಗೆ ನಾನು ತಡವಾಗಿ ಕೊಡುತ್ತಿರುವ ಉತ್ತರ. ನೀವೂ ಕೇಳಿಸಿಕೊಳ್ಳಿ.

ಮೊದಲು ಪಂಪು ಏನು ಮಾಡುತ್ತದೆ ಎಂದು ನೋಡೋಣ. ಮದ್ದೂರಿನ ಎಳನೀರು ನಿಮಗೆಲ್ಲ ಗೊತ್ತು. ಎಳನೀರಿಗೆ ಕೊಳವೆ ಹಾಕಿ ನೀವು ‘ಹೀರುತ್ತೀರಿ’. ನಿಜವಾಗಿ ನೀವು ಎಳೆಯುವುದೇನೂ ಇಲ್ಲ. ಬಾಯಿಯೊಳಗಿನ ಗಾಳಿಯ ಒತ್ತಡವನ್ನು ಕಡಿಮೆ ಮಾಡುತ್ತೀರಿ, ಅಷ್ಟೆ. ಹೊರಗಿನ ವಾತಾವರಣ ಎಳನೀರನ್ನು ಕೊಳವೆಯೊಳಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಈ ತಳ್ಳುವಿಕೆ 760 ಮಿ.ಮೀ. ಪಾದರಸದ ಕಂಬಕ್ಕೆ ಸಮ ಎಂದು 1643ರ ಟೊರಿಚೆಲ್ಲಿಯ ಪ್ರಯೋಗದ ಪಾಠದಲ್ಲಿ ಓದಿದ್ದೀರಿ. ಮದ್ದೂರು ಸುಮಾರು 660 ಮೀಟರ್ ಎತ್ತರದಲ್ಲಿದೆ. ಅಲ್ಲಿ ಇದು 700 ಮಿ.ಮೀ. ಆಸುಪಾಸಿಗೆ ಇಳಿಯುತ್ತದೆ. ಪಂಪು ಎಷ್ಟೇ ದುಬಾರಿಯದಾಗಲಿ, ಕೊಳವೆಯೊಳಗಿನ ಗಾಳಿಯನ್ನು ಪೂರ್ತಿ ತೆಗೆದರೂ ಮದ್ದೂರಿನಲ್ಲಿ ಸಿಗುವ ಸಹಾಯ ಈ 700 ಮಿ.ಮೀ.ಗಿಂತ ಹೆಚ್ಚಾಗದು. ಒಂದು ವಾತಾವರಣಕ್ಕಿಂತ ಸ್ವಲ್ಪ ಕಡಿಮೆ. ಈ ಮಿತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ಮೇಪಲ್ ಮರದ ಹತ್ತಿರ ಹೋಗೋಣ. ಕೆನಡಾದ ಕ್ವಿಬೆಕ್ ಪ್ರಾಂತ ಮತ್ತು ಅಮೆರಿಕದ ವರ್ಮಾಂಟ್ ರಾಜ್ಯದ ಕಾಡುಗಳಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ, ಅಂದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಒಂದು ವಿಚಿತ್ರ ನಡೆಯುತ್ತದೆ. ರಾತ್ರಿ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯುತ್ತದೆ, ಹಗಲು ಸೊನ್ನೆಯನ್ನು ದಾಟುತ್ತದೆ. ಮೇಪಲ್ ಕಾಂಡದ ನಾರುಗಳೊಳಗೆ ಗಾಳಿ ತುಂಬಿರುತ್ತದೆ. ರಾತ್ರಿ ಮಂಜುಗಟ್ಟುವಾಗ ಕಾಂಡ ಬೇರಿನಿಂದ ನೀರನ್ನು ಮೇಲಕ್ಕೆಳೆದುಕೊಳ್ಳುತ್ತದೆ, ಆ ಗಾಳಿ ಮಂಜಿನ ಸಂದಿಯಲ್ಲಿ ಅದುಮಿಕೊಳ್ಳುತ್ತದೆ. ಹಗಲು ಮಂಜು ಕರಗಿದಾಗ ಅದುಮಿದ ಗಾಳಿ ಹಿಗ್ಗಿ ರಸವನ್ನು ತಳ್ಳುತ್ತದೆ. ಕಾಂಡಕ್ಕೆ ಒಂದು ಸಣ್ಣ ರಂಧ್ರ ಕೊರೆದರೆ ರಸ ತೊಟ್ಟಿಕ್ಕುತ್ತದೆ. ಯುರೋಪಿನವರು ಬರುವುದಕ್ಕೆ ಮುಂಚೆಯೇ ಅಲ್ಲಿನ ಮೂಲನಿವಾಸಿಗಳು ಇದನ್ನು ಬಲ್ಲವರಾಗಿದ್ದರು.

ಈ ರಸ ಬರುವುದು ದಾರುವಿನಿಂದ, ಅಂದರೆ ನಿಮ್ಮ ಸಸ್ಯಶಾಸ್ತ್ರದ ಪುಸ್ತಕ ಹೇಳುವ ಕ್ಸೈಲಂನಿಂದ. ನೀರು ಮೇಲೇರುವ ದಾರಿ ಅದು. ಆದ್ದರಿಂದ ಅದರಲ್ಲಿ ಸಕ್ಕರೆ ತೀರ ಕಡಿಮೆ, ಸುಮಾರು ಶೇಕಡ 2. ಅಲ್ಲಿನವರಿಗೆ ಒಂದು ಸುಲಭ ಲೆಕ್ಕವಿದೆ: 86 ಅನ್ನು ರಸದ ಸಕ್ಕರೆಯ ಶೇಕಡದಿಂದ ಭಾಗಿಸಿ, ಒಂದು ಲೀಟರ್ ಪಾಕಕ್ಕೆ ಎಷ್ಟು ಲೀಟರ್ ರಸ ಬೇಕೆಂದು ತಿಳಿಯುತ್ತದೆ. ಶೇಕಡ 2 ಆದರೆ 43 ಲೀಟರ್. ಅಷ್ಟನ್ನು ಕುದಿಸಿದರೆ ಒಂದು ಲೀಟರ್! ರಸ ಎಷ್ಟು ಹೆಚ್ಚು ಬಂದರೆ ಅಷ್ಟು ಒಳ್ಳೆಯದೆಂದು ಅವರು ಒದ್ದಾಡುವುದೇಕೆಂದು ಈಗ ಅರ್ಥವಾಯಿತಲ್ಲ?

ಬಕೆಟ್ ನೇತುಹಾಕುತ್ತಿದ್ದ ಕಾಲದಲ್ಲಿ ಒಂದು ರಂಧ್ರದಿಂದ ಇಡೀ ಋತುವಿನಲ್ಲಿ ಸುಮಾರು 40 ಲೀಟರ್ ರಸ ಸಿಗುತ್ತಿತ್ತು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಪ್ಲಾಸ್ಟಿಕ್ ಕೊಳವೆ ಬಂತು, ಅದರ ಬೆನ್ನಿಗೆ ನಿರ್ವಾತ ಪಂಪು ಬಂತು. ಒಳ್ಳೆಯ ನಿರ್ವಾತವಿರುವ ತೋಪಿನಲ್ಲಿ ಇಳುವರಿ ದುಪ್ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು. ನಿರ್ವಾತವನ್ನು ಅಲ್ಲಿ ಅಂಗುಲ ಪಾದರಸದಲ್ಲಿ ಅಳೆಯುತ್ತಾರೆ. ಒಂದೊಂದು ಅಂಗುಲ ಹೆಚ್ಚಿದಾಗಲೂ ಇಳುವರಿ ಶೇಕಡ 5ರಿಂದ 7ರಷ್ಟು ಏರುತ್ತದೆ ಎಂಬುದು ವರ್ಮಾಂಟ್ ವಿಶ್ವವಿದ್ಯಾಲಯದ ಮೇಪಲ್ ಸಂಶೋಧನಾ ಕೇಂದ್ರದ ಅನುಭವ. ಕಾರಣ ಸರಳ. ಮೇಪಲ್ ಕಾಂಡದೊಳಗಿನ ಒತ್ತಡ ಹೆಚ್ಚೆಂದರೆ ಒಂದೆರಡು ವಾತಾವರಣದಷ್ಟು, ಬಹಳ ಹೊತ್ತು ಅದಕ್ಕಿಂತ ಕಡಿಮೆ, ಕೆಲವು ಗಂಟೆ ಏನೂ ಇರುವುದಿಲ್ಲ. ಅಂಥ ಕಡೆ ಪಂಪು ಮುಕ್ಕಾಲು ವಾತಾವರಣದಷ್ಟು ಸಹಾಯ ಮಾಡಿದರೆ ಅದು ದೊಡ್ಡ ಸಹಾಯವೇ.

ಪಂಪನ್ನು ಆರಿಸುವಾಗ ಅಲ್ಲಿನ ರೈತ ಏನು ನೋಡುತ್ತಾನೆ? ಇಲ್ಲಿ ಸಾಮಾನ್ಯವಾಗಿ ಎಲ್ಲರೂ ಎಡವುವ ಒಂದು ಜಾಗವಿದೆ. ಪಂಪಿಗೆ ಎರಡು ಗುಣಗಳಿವೆ. ಎಷ್ಟು ಆಳದ ನಿರ್ವಾತ ಕೊಡಬಲ್ಲದು ಎಂಬುದು ಒಂದು. ನಿಮಿಷಕ್ಕೆ ಎಷ್ಟು ಗಾಳಿಯನ್ನು ಹೊರಹಾಕಬಲ್ಲದು ಎಂಬುದು ಇನ್ನೊಂದು. ದೊಡ್ಡ ಪಂಪು ತಂದರೆ ಆಳ ಹೆಚ್ಚುತ್ತದೆ ಎಂದು ತಿಳಿಯುವವರು ಬಹಳ. ಹಾಗಲ್ಲ. ಬಾವಿಯ ಆಳ ಬೇರೆ, ಹಗ್ಗಕ್ಕೆ ಕಟ್ಟಿದ ಕೊಡದ ಗಾತ್ರ ಬೇರೆ. ಗಾಳಿಯ ಪ್ರಮಾಣ ಬೇಕಾಗುವುದು ಸೋರಿಕೆಯನ್ನು ಎದುರಿಸಲು. ನೂರು ರಂಧ್ರಕ್ಕೆ ನಿಮಿಷಕ್ಕೆ ಒಂದು ಘನ ಅಡಿ, ಅಂದರೆ 28 ಲೀಟರ್ ಗಾಳಿ ಎಂದು ಅಲ್ಲಿ ಅಂದಾಜು ಹಾಕುತ್ತಾರೆ. ಸೋರಿಕೆ ಹೆಚ್ಚಿದ್ದರೆ ಎಷ್ಟು ದೊಡ್ಡ ಪಂಪೂ ಸಾಲದು. ಅಳಿಲು ಒಂದು ಕಡೆ ಕೊಳವೆ ಕಡಿದರೆ ಇಡೀ ಸಾಲಿನ ಒತ್ತಡ ಬೀಳುತ್ತದೆ. ಹಾಗಾಗಿ ಅಲ್ಲಿನ ರೈತ ಋತುವಿಡೀ ಹಿಮದಲ್ಲಿ ನಡೆದು, ಕಿವಿಗೊಟ್ಟು, ‘ಹುಸ್’ ಎನ್ನುವ ಜಾಗ ಹುಡುಕುತ್ತಿರುತ್ತಾನೆ. ಹೊಸ ಪಂಪಿಗಿಂತ ಈ ನಡಿಗೆ ಅಗ್ಗ.

ಪಂಪುಗಳ ಜಾತಿಯೂ ಹಲವು. ಹಾಲು ಕರೆಯುವ ಯಂತ್ರದಿಂದ ತೆಗೆದ ಹಳೆಯ ಪಂಪನ್ನು ಬಳಸುವವರಿದ್ದಾರೆ. ಅದು ಸಾಧಾರಣ ಆಳಕ್ಕೆ ನಿಲ್ಲುತ್ತದೆ. ಎಣ್ಣೆಯಲ್ಲಿ ತಿರುಗುವ ಅಲಗಿನ ಪಂಪು 27 ಅಂಗುಲದಂಥ ಆಳಕ್ಕೂ ಹೋಗುತ್ತದೆ, ಆದರೆ ಒಂದು ಗುಟುಕು ರಸ ಒಳಗೆ ಹೋದರೆ ಎಣ್ಣೆ ಕೆಡುತ್ತದೆ. ಅದಕ್ಕೆ ಮುಂದೆ ತೇವ ಹಿಡಿಯುವ ಡಬ್ಬಿ ಬೇಕೇ ಬೇಕು. ನೀರಿನ ಉಂಗುರದ ಪಂಪು ಇದೆ. ಅದರೊಳಗೆ ಸುತ್ತುವ ನೀರೇ ಬೆಣೆಯಂತೆ ಕೆಲಸ ಮಾಡುತ್ತದೆ, ತೇವಕ್ಕೆ ಅದು ಹೆದರುವುದಿಲ್ಲ. ಆದರೆ ನೀರು ಬಿಸಿಯಾದಷ್ಟೂ ಅದರ ಆವಿಯ ಒತ್ತಡ ಅಡ್ಡ ಬರುತ್ತದೆ: 10 ಡಿಗ್ರಿಯಲ್ಲಿ 9 ಮಿ.ಮೀ., 30 ಡಿಗ್ರಿಯಲ್ಲಿ 32 ಮಿ.ಮೀ. ವರ್ಮಾಂಟಿನ ಚಳಿಯಲ್ಲಿ ಚೆನ್ನಾಗಿ ನಡೆಯುವ ಪಂಪು ಮಂಡ್ಯದ ಏಪ್ರಿಲ್ ಬಿಸಿಲಿನಲ್ಲಿ ಸ್ವಲ್ಪ ಮಂಕಾಗುವುದು ಇದರಿಂದಲೇ. ನಿರ್ವಾತದಲ್ಲಿರುವ ರಸವನ್ನು ಹೊರಗಿನ ತೊಟ್ಟಿಗೆ ಬಿಡುವ ಉಪಕರಣವೂ ಬೇಕು. ಇಲ್ಲವಾದರೆ ತೊಟ್ಟಿಯ ಮುಚ್ಚಳ ತೆಗೆದ ಕೂಡಲೆ ನಿರ್ವಾತವೂ ಹೋಯಿತು.

ಪಂಪಿನ ಮಹಿಮೆ ಎಲ್ಲಿಗೆ ಮುಟ್ಟಿದೆಯೆಂದರೆ, 2013ರಲ್ಲಿ ಅದೇ ವರ್ಮಾಂಟ್ ವಿಶ್ವವಿದ್ಯಾಲಯದವರು ಎಳೆಯ ಮೇಪಲ್ ಗಿಡದ ತಲೆ ಕತ್ತರಿಸಿ, ಕಡಿದ ಜಾಗಕ್ಕೆ ನಿರ್ವಾತ ಕೊಟ್ಟು, ಬುಡದಿಂದ ಮೇಲಕ್ಕೆ ರಸ ಎಳೆದು ತೋರಿಸಿದರು. ಮರ ದೊಡ್ಡದಾಗುವವರೆಗೆ ದಶಕಗಳ ಕಾಲ ಕಾಯಬೇಕಿಲ್ಲ, ಕಬ್ಬಿನಂತೆ ಸಾಲು ಸಾಲಾಗಿ ಮೇಪಲ್ ಬೆಳೆಯಬಹುದು ಎಂಬ ಮಾತು ಆಗ ಹುಟ್ಟಿತು. ನಮ್ಮ ಹುಡುಗ ಇದನ್ನು ಕೇಳಿದ್ದರೆ ನನ್ನನ್ನು ಬಿಡುತ್ತಿರಲಿಲ್ಲ!

ಸರಿ, ಈಗ ತೆಂಗಿಗೆ ಬರೋಣ. ನೀರಾ ಬರುವುದು ಕಾಂಡದಿಂದಲ್ಲ. ಇನ್ನೂ ಬಿರಿಯದ ಹೊಂಬಾಳೆಯನ್ನು ಹಗ್ಗದಿಂದ ಸುತ್ತಿ ಕಟ್ಟಿ, ದಿನವೂ ಮೆಲ್ಲಗೆ ಬಡಿದು, ತುದಿಯನ್ನು ಕೊಯ್ದರೆ ಕೆಲವು ದಿನಗಳ ಮೇಲೆ ರಸ ತೊಟ್ಟಿಕ್ಕಲು ಶುರುವಾಗುತ್ತದೆ. ಇದು ಫ್ಲೋಯಂನ ರಸ. ಗರಿಗಳು ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆ ಮುಂದೆ ಕಾಯಿಯಾಗಲು ಹೋಗುತ್ತಿರುವ ದಾರಿ. ಆದ್ದರಿಂದ ಇದರಲ್ಲಿ ಸಕ್ಕರೆ ಶೇಕಡ 15ರಷ್ಟು. ಮೇಲಿನ ಲೆಕ್ಕದಂತೆಯೇ ಭಾಗಿಸಿ ನೋಡಿ, ಒಂದು ಲೀಟರ್ ಪಾಕಕ್ಕೆ ಆರು ಲೀಟರಿಗಿಂತ ಕಡಿಮೆ ರಸ ಸಾಕು. ಒಳ್ಳೆಯ ಮರ ದಿನಕ್ಕೆ ಎರಡು ಲೀಟರ್ ಕೊಟ್ಟರೆ, ತೊಟ್ಟಿಗೆ ಇಪ್ಪತ್ತನೆಯ ಒಂದು ಮಿ.ಲೀ.ನಂತೆ, ನಿಮಿಷಕ್ಕೆ ಇಪ್ಪತ್ತೇಳೆಂಟು ತೊಟ್ಟು ಹಗಲೂ ರಾತ್ರಿ ಬಿದ್ದಂತಾಯಿತು.

ಫ್ಲೋಯಂ ನಾಳದೊಳಗಿನ ಒತ್ತಡ ಮೇಪಲ್ ದಾರುವಿನಂತೆ ದುರ್ಬಲವಲ್ಲ. ಸಕ್ಕರೆ ಗಟ್ಟಿಯಾಗಿರುವುದರಿಂದ ನೀರು ಒಳನುಗ್ಗಿ ಅಲ್ಲಿ ಹಲವು ವಾತಾವರಣದಷ್ಟು ಒತ್ತಡ ಸದಾ ಇರುತ್ತದೆ. ಅದಕ್ಕೆ ಮಂಜೂ ಬೇಡ, ಬಿಸಿಲೂ ಬೇಡ. ನಮ್ಮ ಪಂಪು ಕೊಡಬಲ್ಲದ್ದು ಒಂದು ವಾತಾವರಣಕ್ಕಿಂತ ಕಡಿಮೆ ಎಂದು ಆಗಲೇ ನೋಡಿದೆವು. ಏಳೆಂಟು ಜನ ತಳ್ಳುತ್ತಿರುವ ಗಾಡಿಗೆ ಇನ್ನೊಬ್ಬ ಕೈ ಹಾಕಿದಂತೆ. ಗಾಡಿ ನಿಂತಿರುವುದು ತಳ್ಳುವವರು ಸಾಲದೆ ಅಲ್ಲ, ಚಕ್ರಕ್ಕೆ ಕಲ್ಲು ಅಡ್ಡ ಸಿಕ್ಕಿರುವುದರಿಂದ. ಆ ಕಲ್ಲು ಯಾವುದು? ಗಾಯವಾದ ಕೂಡಲೆ ಫ್ಲೋಯಂ ನಾಳಗಳು ತಮ್ಮ ಜರಡಿಗಳನ್ನು ತಾವೇ ಮುಚ್ಚಿಕೊಳ್ಳುತ್ತವೆ. ಇದು ಮರದ ಆತ್ಮರಕ್ಷಣೆ. ಮುಚ್ಚಿದ ಬಾಯಿಗೆ ಪಂಪು ಇಟ್ಟರೆ ಪ್ರಯೋಜನವಿಲ್ಲ. ಹರಿತವಾದ ಕತ್ತಿಯಿಂದ ಒಂದು ತೆಳು ಬಿಲ್ಲೆ ಕೊಯ್ದು ಹೊಸ ಬಾಯಿ ತೆರೆಯಬೇಕು. ಇದನ್ನು ದಿನಕ್ಕೆ ಎರಡು ಬಾರಿ ಮಾಡಬೇಕು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ.

ಅಂದಮೇಲೆ ಹುಡುಗನ ಆಸೆಯ ಮುಖ್ಯ ಭಾಗ ಇಲ್ಲಿಗೇ ಮುರಿದುಬಿತ್ತು. ಪಂಪು ಕಟ್ಟಿದರೂ ಮರ ಹತ್ತುವುದು ತಪ್ಪುವುದಿಲ್ಲ. ಮೇಪಲ್ ರೈತ ನೆಲದ ಮೇಲೆ ನಿಂತು, ಎದೆಯ ಎತ್ತರದಲ್ಲಿ, ವರ್ಷಕ್ಕೊಮ್ಮೆ ರಂಧ್ರ ಕೊರೆಯುತ್ತಾನೆ. ಉಳಿದ ಕೆಲಸ ಕೊಳವೆಯದು. ನಮ್ಮವನು ನಲವತ್ತು ಐವತ್ತು ಅಡಿ ಎತ್ತರಕ್ಕೆ ದಿನಕ್ಕೆರಡು ಸಲ ಹತ್ತಲೇಬೇಕು. ಹತ್ತಿದ ಮೇಲೆ ಬರಿಗೈಯಲ್ಲಿ ಇಳಿಯುವ ಬದಲು ಪಾತ್ರೆಯನ್ನೂ ತಂದರಾಯಿತಲ್ಲ! ಕೊಳವೆ ಉಳಿಸುವ ಶ್ರಮ ಬಹಳವೇನಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಬಿಸಿಲಿನದು. ಹೊಂಬಾಳೆಯಿಂದ ಬೀಳುವ ಕ್ಷಣದಲ್ಲಿ ನೀರಾ ಸಿಹಿ, ತಿಳಿ. ಗಾಳಿಯಲ್ಲಿ, ಮಡಕೆಯ ಗೋಡೆಯಲ್ಲಿ, ಕತ್ತಿಯ ಅಂಚಿನಲ್ಲಿ ಯೀಸ್ಟ್ ಕಾದು ಕುಳಿತಿರುತ್ತದೆ. 30 ಡಿಗ್ರಿ ಉಷ್ಣತೆ, ಶೇಕಡ 15 ಸಕ್ಕರೆ: ಯೀಸ್ಟಿಗೆ ಇದಕ್ಕಿಂತ ಔತಣ ಬೇಕೆ? ಕೆಲವೇ ಗಂಟೆಗಳಲ್ಲಿ ನೊರೆ ಬರುತ್ತದೆ, ಹುಳಿ ವಾಸನೆ ಬರುತ್ತದೆ, ಸಕ್ಕರೆ ಮದ್ಯಸಾರವಾಗುತ್ತದೆ. ಸಂಜೆ ನೀರಾ ಆಗಿದ್ದದ್ದು ಬೆಳಿಗ್ಗೆ ಹೆಂಡ. ಇನ್ನೂ ಬಿಟ್ಟರೆ ಅದು ವಿನಿಗರ್.

ಈಗ ಕೊಳವೆಯ ಲೆಕ್ಕ ಮಾಡೋಣ, ಪೆನ್ಸಿಲ್ ತೆಗೆದುಕೊಳ್ಳಿ. ಐವತ್ತು ಮರದ ಒಂದು ತೋಟ. ಒಂದೊಂದು ಮರಕ್ಕೆ ಸುಳಿಯಿಂದ ನೆಲಕ್ಕೆ 15 ಮೀಟರ್, ಪಕ್ಕದ ಮರಕ್ಕೆ ಏಳೂವರೆ ಮೀಟರ್. ಒಟ್ಟು 1,125 ಮೀಟರ್ ಕೊಳವೆ. ಒಳವ್ಯಾಸ 8 ಮಿ.ಮೀ. ಎಂದಿಟ್ಟುಕೊಂಡರೆ ಒಳಮೈಯ ವಿಸ್ತೀರ್ಣ 28 ಚದರ ಮೀಟರ್. ಎರಡು ಒಳ್ಳೆಯ ಕೋಣೆಗಳ ನೆಲದಷ್ಟು! ದಿನಕ್ಕೆ ನೂರು ಲೀಟರ್ ರಸ ಹಾಯಬೇಕಾದ ಈ ನೆಲಕ್ಕೆ ಬಿಸಿಲು ಹೊಡೆಯುತ್ತಿರುತ್ತದೆ, ಒಳಗೆ ಸಕ್ಕರೆಯ ಪೊರೆ ಅಂಟಿರುತ್ತದೆ, ಅದನ್ನು ದಿನವೂ ತೊಳೆಯುವುದು ಆಗದ ಮಾತು. ಅದು ಕೊಳವೆಯಲ್ಲ, ಒಂದು ಕಿಲೋಮೀಟರಿಗಿಂತ ಉದ್ದದ ಹೆಂಡದ ಮಡಕೆ. ಕ್ವಿಬೆಕ್‌ನಲ್ಲಿ ಇದು ನಡೆಯುವುದು ಕೊಳವೆಯ ಗುಣದಿಂದಲ್ಲ, ಹವೆಯ ಕೃಪೆಯಿಂದ. ಅಲ್ಲಿ ಕಾಡೇ ಒಂದು ಶೀತಲ ಪೆಟ್ಟಿಗೆ. ಅಲ್ಲೂ ಋತುವಿನ ಕೊನೆಯಲ್ಲಿ ಬಿಸಿಲೇರಿದಾಗ ಕೊಳವೆಯೊಳಗೆ ಲೋಳೆ ಕಟ್ಟಿ ರಸ ಕೆಡುತ್ತದೆ.

ನೀರಾ ಹೆಂಡವಾಗುವುದು ನಮಗೆ ಕೇವಲ ರುಚಿಯ ಸಂಗತಿಯಲ್ಲ, ಕಾನೂನಿನ ಸಂಗತಿ. ನಿಮ್ಮ ತಂದೆತಾಯಿಯರಿಗೆ ನೆನಪಿರಬಹುದು. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ನುಸಿ ಕೆಲವೇ ವರ್ಷಗಳಲ್ಲಿ ನಮ್ಮ ತೋಟಗಳಿಗೂ ಹರಡಿತು. ಕಾಯಿಗಳು ಬಿರುಕುಬಿಟ್ಟು, ಸುಕ್ಕಿ, ಸಣ್ಣಗಾದವು. ಕಾಯಿಯ ಆದಾಯ ಹೋದ ರೈತರು ಹೊಂಬಾಳೆಯಿಂದ ನೀರಾ ಇಳಿಸಿ ಮಾರಲು ಅವಕಾಶ ಕೊಡಿ ಎಂದು ಕೇಳಿದರು. ನುಸಿ ಕೂರುವುದು ಕಾಯಿಯ ಮೇಲೆ. ಕಾಯಿಯೇ ಆಗದಂತೆ ಹೊಂಬಾಳೆಯನ್ನು ಕೊಯ್ದರೆ ನುಸಿಗೆ ಜಾಗವಿಲ್ಲ ಎಂಬುದು ಅವರ ವಾದ. ನೀರಾ ಹೆಸರಿನಲ್ಲಿ ಹೆಂಡ ಹರಿಯುತ್ತದೆ ಎಂಬುದು ಆಡಳಿತದ ಭಯ. ಬೆಳ್ಳೂರಿನಿಂದ ದೂರವಿಲ್ಲದ ಚನ್ನಪಟ್ಟಣ ತಾಲೂಕಿನ ವಿಠಲೇನಹಳ್ಳಿಯಲ್ಲಿ 2001ರಲ್ಲಿ ಈ ಚಳವಳಿಯ ವೇಳೆ ಗೋಲಿಬಾರಾಗಿ ರೈತರು ಪ್ರಾಣ ಕಳೆದುಕೊಂಡರು. 2010ರ ದಶಕದಲ್ಲಿ ನಿಯಮಗಳು ಬದಲಾಗಿ, ಪರವಾನಗಿ ಪಡೆದು ನೀರಾ ಇಳಿಸುವುದಕ್ಕೆ ದಾರಿಯಾಯಿತು.

ಆ ದಿನಗಳ ವಾದವಿವಾದವನ್ನು ಈಗ ನೆನೆದರೆ ನನಗೆ ಒಂದು ವಿಷಯ ಎದ್ದು ಕಾಣುತ್ತದೆ. ಎರಡೂ ಕಡೆಯವರು ಮಾತಾಡುತ್ತಿದ್ದದ್ದು ಮರದ ಬಗ್ಗೆ, ಮನುಷ್ಯರ ನಿಯತ್ತಿನ ಬಗ್ಗೆ. ಮಧ್ಯೆ ನೇತಾಡುತ್ತಿದ್ದ ಮಡಕೆಯ ಬಗ್ಗೆ ಮಾತು ಕಡಿಮೆ. ಅದೇ ಮರ, ಅದೇ ಹೊಂಬಾಳೆ, ಅದೇ ಕತ್ತಿ. ಕೆಳಗೆ ಬರುವ ಹೊತ್ತಿಗೆ ಅದು ಮಗು ಕುಡಿಯಬಹುದಾದ ಪಾನೀಯವೋ ಅಬಕಾರಿ ಇಲಾಖೆಯ ವಿಷಯವೋ ಎಂಬುದನ್ನು ತೀರ್ಮಾನಿಸುವುದು ಪಾತ್ರೆಯೊಳಗಿನ ಉಷ್ಣತೆ.

ಹಳೆಯ ಕಾಲದವರು ಇದಕ್ಕೆ ಮಡಕೆಯೊಳಗೆ ಸುಣ್ಣ ಬಳಿಯುತ್ತಿದ್ದರು. ಸುಣ್ಣದ ಕ್ಷಾರದಲ್ಲಿ ಯೀಸ್ಟ್ ಬೆಳೆಯಲಾರದು. ಇದು ಜಾಣತನದ ಉಪಾಯವೇ, ಅಗ್ಗವೂ ಹೌದು. ಆದರೆ ರಸದ ಬಣ್ಣ, ರುಚಿ ಎರಡೂ ಬದಲಾಗುತ್ತವೆ, ಆಮೇಲೆ ಸುಣ್ಣ ತೆಗೆಯುವ ಕೆಲಸ ಬೇರೆ. ಸುಣ್ಣ ಕಡಿಮೆಯಾದರೆ ಹುಳಿ, ಹೆಚ್ಚಾದರೆ ನಾಲಗೆ ಸುಡುತ್ತದೆ.

ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬೇರೆ ದಾರಿ ಹಿಡಿದರು. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾದ ಜಾಗವದು. ಅವರು ರೂಪಿಸಿದ್ದು ಪಂಪಲ್ಲ, ಒಂದು ತಣ್ಣನೆಯ ಜೇಬು. ನೋಡಲು ಸಾಮಾನ್ಯ ಪಿ.ವಿ.ಸಿ. ಕೊಳವೆ, ಒಂದು ತುದಿ ಹೊಂಬಾಳೆಯ ಬಾಯಿಗೆ ಕೂಡುತ್ತದೆ, ಇನ್ನೊಂದು ತುದಿ ಡಬ್ಬಿಯಂತೆ ಅಗಲವಾಗಿದೆ. ಅದರೊಳಗೆ ರಸ ಸಂಗ್ರಹವಾಗುವ ಪಾತ್ರೆ, ಅದರ ಸುತ್ತ ಮಂಜುಗಡ್ಡೆ, ಹೊರಗೆ ಶಾಖ ತಡೆಯುವ ಹೊದಿಕೆ. ಮುಚ್ಚಿದ್ದರಿಂದ ಜೇನು, ಇರುವೆ, ದೂಳು ಬೀಳುವುದಿಲ್ಲ. ಸುಣ್ಣವಿಲ್ಲ. ಹೀಗೆ ಹಿಡಿದ ರಸಕ್ಕೆ ಅವರಿಟ್ಟ ಹೆಸರು ಕಲ್ಪರಸ. ಮೊದಲ ಸಲ ಇದರ ರೇಖಾಚಿತ್ರ ನೋಡಿದಾಗ ನಾನು, ‘ಇಷ್ಟೇನಾ?’ ಎಂದುಕೊಂಡಿದ್ದೆ. ಆಮೇಲೆ ಅದು ಎಷ್ಟು ಸರಿಯಾದ ಜಾಗಕ್ಕೆ ಕೈ ಹಾಕಿದೆ ಎಂದು ಹೊಳೆಯಿತು. ತೆಂಗಿನಲ್ಲಿ ಕೊರತೆ ಒತ್ತಡದ್ದಲ್ಲ, ತಂಪಿನದು.

ಎಷ್ಟು ಮಂಜುಗಡ್ಡೆ ಬೇಕು? ಇದೂ ನಿಮ್ಮ ಪಾಠದ ಲೆಕ್ಕವೇ. ಒಂದು ಲೀಟರ್ ರಸವನ್ನು 30ರಿಂದ 4 ಡಿಗ್ರಿಗೆ ತರಲು ಸುಮಾರು 26 ಕಿಲೋಕ್ಯಾಲೊರಿ ತೆಗೆಯಬೇಕು. ಒಂದು ಕಿಲೋ ಮಂಜುಗಡ್ಡೆ ಕರಗುವಾಗ 80 ಕಿಲೋಕ್ಯಾಲೊರಿ ಹೀರುತ್ತದೆ. ಭಾಗಿಸಿದರೆ ಮೂರನೆಯ ಒಂದು ಕಿಲೋಗಿಂತ ಸ್ವಲ್ಪ ಕಡಿಮೆ. ಹೊರಗಿನ ಶಾಖ ನುಗ್ಗುವುದಕ್ಕೆ ಇನ್ನಷ್ಟು ಸೇರಿಸಿ. ಹೊದಿಕೆ ತೆಳ್ಳಗಿದ್ದರೆ ಆ ‘ಇನ್ನಷ್ಟು’ ಎಂಬುದೇ ಮೂಲ ಲೆಕ್ಕವನ್ನು ನುಂಗಿಬಿಡುತ್ತದೆ. ಪೆಟ್ಟಿಗೆ ಆರಿಸುವಾಗ ನೀವು ನೋಡಬೇಕಾದದ್ದು ಅದರ ಗಾತ್ರಕ್ಕಿಂತ ಮೊದಲು ಹೊದಿಕೆಯ ದಪ್ಪ, ಆಮೇಲೆ ಹೊಂಬಾಳೆಗೆ ಕೂಡುವ ಬಾಯಿ ಎಷ್ಟು ಬಿಗಿ ಎಂಬುದು, ಆಮೇಲೆ ತೊಳೆಯಲು ಕೈ ಒಳಗೆ ಹೋಗುತ್ತದೆಯೇ ಎಂಬುದು. ಕೈ ಹೋಗದ ಪಾತ್ರೆಯನ್ನು ಯಾರೂ ತೊಳೆಯುವುದಿಲ್ಲ. ನಿಮ್ಮ ಮನೆಯ ನೀರಿನ ಬಾಟಲಿಯನ್ನೇ ಕೇಳಿ.

ಈ ಪೆಟ್ಟಿಗೆಗೂ ದೋಷಗಳಿವೆ, ಮುಚ್ಚಿಡುವುದು ಸರಿಯಲ್ಲ. ಮರ ಹತ್ತುವವನು ಕತ್ತಿಯ ಜೊತೆ ಮಂಜುಗಡ್ಡೆಯನ್ನೂ ಹೊತ್ತು ಹತ್ತಬೇಕು. ಹಳ್ಳಿಯಲ್ಲಿ ದಿನಕ್ಕೆರಡು ಬಾರಿ ಮಂಜುಗಡ್ಡೆ ಎಲ್ಲಿಂದ ಬರಬೇಕು? ಶೀತಲ ಯಂತ್ರವಿಟ್ಟರೆ ಕರೆಂಟು ಹೋದಾಗ ಏನು? ತೋಟದಿಂದ ಮಾರುವ ಜಾಗದವರೆಗೆ ತಂಪು ಒಂದೆಡೆ ತಪ್ಪಿದರೂ ಅಷ್ಟು ಶ್ರಮವೂ ಹೆಂಡವೇ. ಮರ ಹತ್ತುವವರೇ ಕಡಿಮೆಯಾದರೆಂದು 2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿ ಯುವಕ ಯುವತಿಯರಿಗೆ ಯಂತ್ರದ ಸಹಾಯದಿಂದ ತೆಂಗು ಹತ್ತುವ ತರಬೇತಿ ಶುರುಮಾಡಿತು. ಹತ್ತುವವರ ಕೊರತೆಯಂತೂ ಪಂಪಿನಿಂದಲೂ ತೀರುವುದಿಲ್ಲ, ಪೆಟ್ಟಿಗೆಯಿಂದಲೂ ತೀರುವುದಿಲ್ಲ.

ಹಾಗಾದರೆ ನಿರ್ವಾತಕ್ಕೆ ಮಂಡ್ಯ ಜಿಲ್ಲೆಯಲ್ಲಿ ಕೆಲಸವೇ ಇಲ್ಲವೆ? ಇದೆ, ಅದೂ ಬಹಳ ಹಳೆಯ ಕೆಲಸ. ಹೊವಾರ್ಡ್ ಎಂಬ ಇಂಗ್ಲಿಷ್ ರಸಾಯನ ವಿಜ್ಞಾನಿ 19ನೆಯ ಶತಮಾನದ ಆರಂಭದಲ್ಲಿ ಸಕ್ಕರೆ ಪಾಕವನ್ನು ನಿರ್ವಾತದ ಕಡಾಯಿಯಲ್ಲಿ ಕುದಿಸುವುದನ್ನು ಕಂಡುಹಿಡಿದ. ಒತ್ತಡ 149 ಮಿ.ಮೀ.ಗೆ ಇಳಿದರೆ ನೀರು 60 ಡಿಗ್ರಿಗೇ ಕುದಿಯುತ್ತದೆ. ಸಕ್ಕರೆ ಕರಕಾಗುವುದಿಲ್ಲ, ಕಪ್ಪಾಗುವುದಿಲ್ಲ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದಾಗ ಈ ಬಗೆಯ ಕಡಾಯಿಯೇ ಸಕ್ಕರೆ ಕಾರ್ಖಾನೆಗಳ ಹೃದಯವಾಗಿತ್ತು. ಆಲೆಮನೆಯ ತೆರೆದ ಕೊಪ್ಪರಿಗೆಗೂ ಕಾರ್ಖಾನೆಗೂ ಇರುವ ದೊಡ್ಡ ವ್ಯತ್ಯಾಸಗಳಲ್ಲಿ ಇದೊಂದು. ನೀರಾದಿಂದ ತೆಂಗಿನ ಸಕ್ಕರೆ ಮಾಡುವವರು ಪಂಪಿಗೆ ಹಣ ಹಾಕುವುದಾದರೆ ಮರದ ಮೇಲಲ್ಲ, ಕಡಾಯಿಯ ಮುಚ್ಚಳದ ಮೇಲೆ ಹಾಕಲಿ ಎಂದು ನಾನು ಹೇಳುತ್ತೇನೆ.

ಕೊನೆಗೆ ಮತ್ತೆ ಬೆಳ್ಳೂರು. ಯಾರೋ ಹಟ ಹಿಡಿದು ಅಲ್ಲಿ ಮರದಿಂದ ಮರಕ್ಕೆ ಕೊಳವೆ ಬಿಗಿದು ಹಗಲೂ ರಾತ್ರಿ ಪಂಪು ಓಡಿಸಿದರು ಎಂದಿಟ್ಟುಕೊಳ್ಳಿ. ಹೆಜ್ಜಾರ್ಲೆ ನಮ್ಮ ಅತಿ ಭಾರದ ಹಾರುವ ಹಕ್ಕಿಗಳಲ್ಲೊಂದು. ರೆಕ್ಕೆ ಚಾಚಿದರೆ ಎರಡು ಮೀಟರ್ ಮೀರುತ್ತದೆ. ಅದು ಗುಬ್ಬಿಯಂತೆ ತಿರುಗಿ ತಪ್ಪಿಸಿಕೊಳ್ಳಲಾರದು. ಮರಗಳ ನಡುವಿನ ತೆಳುವಾದ ಕೊಳವೆ ಅದಕ್ಕೆ ಕಾಣುವುದೂ ಕಷ್ಟ. ಎಸ್.ಜಿ. ನೇಗಿನಹಾಳರು 1976ರಲ್ಲಿ ಈ ಹಕ್ಕಿತಾಣದ ಕಡೆ ಎಲ್ಲರ ಗಮನ ಸೆಳೆಯುವುದಕ್ಕೆ ತಲೆಮಾರುಗಳ ಮುಂಚಿನಿಂದ ಊರಿನವರು ಹುಣಸೆಯ ಫಸಲನ್ನು ಬಿಟ್ಟುಕೊಟ್ಟು ಗೂಡುಗಳನ್ನು ಕಾದವರು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವೂ ಆಯಿತು. ಅಂಥ ಊರಿನ ಗಾಳಿಯಲ್ಲಿ ಒಂದು ಕಿಲೋಮೀಟರ್ ಕೊಳವೆ ಹರಡುವ ಮೊದಲು ನಾನಂತೂ ಊರಿನ ಹಿರಿಯರನ್ನು ಕೇಳುತ್ತಿದ್ದೆ. ಹೊಂಬಾಳೆಗೆ ನೇತುಬಿದ್ದ ತಣ್ಣನೆಯ ಡಬ್ಬಿ ಹಕ್ಕಿಗೆ ಅಡ್ಡ ಬರುವುದಿಲ್ಲ, ಸದ್ದೂ ಮಾಡುವುದಿಲ್ಲ.

ಮನೆಯಲ್ಲಿ ಮಾಡಿ ನೋಡಲು ಒಂದು ಪ್ರಯೋಗ. ಎರಡು ಲೋಟ ಕಬ್ಬಿನ ಹಾಲು ತನ್ನಿ. ಮಂಡ್ಯ ಸೀಮೆಯಲ್ಲಿ ಅದಕ್ಕೆ ಬರವಿಲ್ಲ. ಒಂದನ್ನು ಅಡುಗೆಮನೆಯ ಕಟ್ಟೆಯ ಮೇಲಿಡಿ. ಇನ್ನೊಂದನ್ನು ಹಳೆಯ ಉಣ್ಣೆಬಟ್ಟೆ ಸುತ್ತಿದ ಡಬ್ಬಿಯಲ್ಲಿ, ತೂಗಿದ ಅರ್ಧ ಕಿಲೋ ಮಂಜುಗಡ್ಡೆಯ ನಡುವೆ ಇಡಿ. ಎರಡಕ್ಕೂ ಉಷ್ಣಮಾಪಕ ಅದ್ದಿ ಗಂಟೆಗೊಮ್ಮೆ ಉಷ್ಣತೆ ಬರೆದುಕೊಳ್ಳಿ. ನೊರೆ ಯಾವಾಗ ಬಂತು, ವಾಸನೆ ಯಾವಾಗ ಬದಲಾಯಿತು ಎಂಬುದನ್ನೂ ಬರೆಯಿರಿ. ಪ್ರಯೋಗದ ಹಾಲನ್ನು ಕುಡಿಯಬೇಡಿ. ಮಂಜುಗಡ್ಡೆ ಪೂರ್ತಿ ಕರಗಿದ ಸಮಯವನ್ನು ಗುರುತು ಹಾಕಿಕೊಂಡು, ಬಟ್ಟೆಯನ್ನು ಎರಡು ಸುತ್ತು ಮಾಡಿ ಮಾರನೆಯ ದಿನ ಮತ್ತೆ ಇಡಿ. ಆ ಎರಡು ಸಮಯಗಳ ನಡುವಿನ ವ್ಯತ್ಯಾಸವನ್ನು ಗ್ರಾಫ್ ಹಾಳೆಯ ಮೇಲೆ ಹಾಕಿ ನಿಮ್ಮ ಭೌತಶಾಸ್ತ್ರದ ಅಧ್ಯಾಪಕರಿಗೆ ತೋರಿಸಿ.